ಅತ್ತಿಗೆಯ ಸೊಂಟನೋವಿನ ಮಾತ್ರೆ

ಅಣ್ಣಾ,

ನೀನು ತೀರಿಹೋಗಿ ಎರಡು ವರ್ಷವಾದರೂ ನಿನಗೆ ವರದಿ ಒಪ್ಪಿಸುವ ಚಾಳಿ ನನ್ನನ್ನು ಬಿಟ್ಟಿಲ್ಲ. ನಿನಗಿದ್ದ ಹಾರ್ಟಿನ ಕಾಯಿಲೆಯೇ ಈಗ ಅತ್ತಿಗೆಗೂ ಬಂದಿದೆ. ಇವತ್ತು ಡಾಕ್ಟರಮ್ಮನ ಹತ್ತಿರ ಕರೆದೊಯ್ದಿದ್ದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ವೈದ್ಯ ಕಲಿತು ಮುಗಿಸಿದವನಲ್ಲವೇ ನಾನು, ಕಾಯುತ್ತ ಕೂತಿದ್ದ ಇಬ್ಬರಿಗೆ ಔಷಧಿಯನ್ನೂ ಹೇಳಿಕೊಟ್ಟೆ.

ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಪೆನ್ನು ಕೆಳಗಿಟ್ಟರು. "ಹಾರ್ಟು ಸೋತಾಗ ಕಿಡ್ನಿಗೆ ರಕ್ತ ಸಾಲಲ್ಲ. ಅದರ ಮೇಲೆ ನೋವಿನ ಮಾತ್ರೆ ಬಿದ್ರೆ ಕಿಡ್ನಿ ಕೈಕೊಡುತ್ತೆ. ಮೈಯಲ್ಲಿ ನೀರು ತುಂಬಿ ಹಾರ್ಟು ಇನ್ನೂ ಸೋಲುತ್ತೆ. ಅಂಥದ್ದೇನಾದ್ರೂ ತಗೋತಿದ್ದೀರಾ?"

"ಇಲ್ಲಮ್ಮ" ಎಂದರು ಅತ್ತಿಗೆ, ನನ್ನ ಮಾನ ಕಾಯಲು.

ಜೇಬಿನಲ್ಲಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟೆ. "ಸೊಂಟನೋವಿಗೆ ನಾನೇ ಕೊಡ್ತಿದ್ದೆ. ಇಪ್ಪತ್ತು ದಿನದಿಂದ, ದಿನಕ್ಕೆರಡು."

"ತಾವು ಯಾವ ಕಾಲೇಜಲ್ಲಿ ಓದಿದ್ದು ಸ್ವಾಮಿ?"

ಡಾಕ್ಟರಮ್ಮ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆದರು.

"ಇವತ್ತೇ ಅಡ್ಮಿಟ್ ಮಾಡಿ. ಮಾತ್ರೆ ಬೇಗ ನಿಲ್ಲಿಸಿದ್ರೆ ಕಿಡ್ನಿ ಚೇತರಿಸಿಕೊಳ್ಳಬಹುದು" ಎಂದರು.

ಹೊರಗೆ ಗಾಲಿಕುರ್ಚಿಗೆ ಕಾಯುವಾಗ ಅತ್ತಿಗೆ ಮೆಲ್ಲಗೆ ಕೇಳಿದರು: "ನಿಮ್ಮಣ್ಣನ ಮಂಡಿನೋವಿಗೂ ನೀನು ಈ ಮಾತ್ರೆಯನ್ನೇ ಕೊಡ್ತಿದ್ದೆ, ಅಲ್ವೇನಪ್ಪಾ?"

ನಾನು ಬಗ್ಗಿ ಅವರ ಊದಿದ ಕಾಲಿಗೆ ಚಪ್ಪಲಿ ತೊಡಿಸುತ್ತ ಕೂತೆ. ಒಂದು ಪಟ್ಟಿ ಸಿಕ್ಕಿಸಲು ಅಷ್ಟು ಹೊತ್ತು ಬೇಕಿರಲಿಲ್ಲ.