ಎಲ್ಲರೂ ಏಳು ಬರೆದೆವು, ಶಿಕ್ಷೆ ಒಬ್ಬಳಿಗೆ

ಪ್ರಾಂಶುಪಾಲರೇ,

ನೀವು ಎರಡು ವರ್ಷ ಕಲಿಸಿದ್ದನ್ನು ಅಕ್ಷರಶಃ ಪಾಲಿಸಿದ ವಿದ್ಯಾರ್ಥಿನಿಯನ್ನು, ಪಾಲಿಸಿದ್ದಕ್ಕಾಗಿಯೇ, ಕೊನೆಯ ಪರೀಕ್ಷೆಗೆ ಕೂರದಂತೆ ಮಾಡಿದ್ದೀರಿ. ಆಕೆಯ ಹೆಸರು ಸುಮಲತಾ, ನನ್ನ ಸಹಪಾಠಿ. ಪರೀಕ್ಷೆಗೆ ಇನ್ನು ಹದಿನೆಂಟು ದಿನ. “ಕಾರ್ಖಾನೆಯಲ್ಲಿ ಸುಳ್ಳು ದಾಖಲೆ ಬರೆದ ಕಾರಣ ಒಂದು ವರ್ಷ ಪರೀಕ್ಷೆಯಿಂದ ಹೊರಗಿಡಲಾಗಿದೆ” ಎಂಬ ನಿಮ್ಮ ಆದೇಶವನ್ನು ಸೂಚನಾ ಫಲಕದಲ್ಲಿ ಓದಿದೆ. ಸತ್ಯದ ಮೇಲೆ ನಿಮಗೆ ಇಷ್ಟೊಂದು ಪ್ರೀತಿ ಇರುವುದು ಎರಡು ವರ್ಷದಲ್ಲಿ ಒಮ್ಮೆಯೂ ನಮಗೆ ತಿಳಿದಿರಲಿಲ್ಲ. ಕ್ಷಮಿಸಿ.

ನಮ್ಮದು ಕೈಗಾರಿಕಾ ಪ್ರಕ್ರಿಯಾ ನಿರ್ವಹಣೆಯ ಎರಡು ವರ್ಷದ ಡಿಪ್ಲೊಮಾ. ಹೆಸರು ದೊಡ್ಡದು, ಕೆಲಸ ಸರಳ. ಎಣ್ಣೆ, ಹಾಲು, ಔಷಧ ತಯಾರಿಸುವ ಕಾರ್ಖಾನೆಗಳಲ್ಲಿ ಕಾಯಿಸುವ, ಬೆರೆಸುವ, ತಣಿಸುವ ಯಂತ್ರಗಳ ಮುಂದೆ ಒಬ್ಬರು ನಿಂತಿರಬೇಕು. ಗಂಟೆಗೊಮ್ಮೆ ಒತ್ತಡ ತೋರಿಸುವ ಗೇಜಿನ ಮುಳ್ಳು ನೋಡಬೇಕು, ಕಂಡ ಅಂಕಿಯನ್ನು ಬರೆಯಬೇಕು, ಅಂಕಿ ಹದ್ದು ಮೀರಿದರೆ ಕೂಗಬೇಕು. ಇದಕ್ಕಾಗಿಯೇ ನಮ್ಮ ಕಾಲೇಜಿನಲ್ಲಿ ಒಂದು ಬಾಯ್ಲರ್, ಎರಡು ಪಂಪು ಇರುವ ಪ್ರಯೋಗಾಲಯವಿದೆ. ಪ್ರವೇಶದ ಕರಪತ್ರದಲ್ಲಿ ಅದರ ಬಣ್ಣದ ಚಿತ್ರವೂ ಇದೆ. ಆ ಚಿತ್ರವನ್ನು ನಾವು ಪ್ರಯೋಗಾಲಯಕ್ಕಿಂತ ಹೆಚ್ಚು ಸಲ ನೋಡಿದ್ದೇವೆ.

ಯಾಕೆಂದರೆ ಅದಕ್ಕೆ ಸದಾ ಬೀಗ. ಕೇಳಿದಾಗಲೆಲ್ಲ ಬೋಧಕರದು ಒಂದೇ ಉತ್ತರ: “ತಪಾಸಣಾ ಕಮಿಟಿ ಬರೂದೈತಿ, ಮುಟ್ಟಬ್ಯಾಡ್ರಿ, ಬಣ್ಣ ಹೋಗತೈತಿ.” ಎರಡು ವರ್ಷದಲ್ಲಿ ನಾವು ಆ ಬಾಯ್ಲರನ್ನು ಮುಟ್ಟಿದ್ದು ಎರಡೇ ಸಲ, ಎರಡೂ ಖಂಡೇನವಮಿಯ ದಿನ. ಸುಮಲತಾ ಅದಕ್ಕೆ ಕುಂಕುಮ ಹಚ್ಚಿದಳು, ನಾನು ಚೆಂಡು ಹೂವಿನ ಮಾಲೆ ಕಟ್ಟಿದೆ. ನೀವು ಆರತಿ ಎತ್ತಿದಿರಿ, ಪೇಡೆ ಹಂಚಿದಿರಿ, ಬೀಗ ಹಾಕಿದಿರಿ. ಗೇಜಿನ ಗಾಜಿನ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಆಗಲೂ ಯಾರೂ ತೆಗೆದಿರಲಿಲ್ಲ. ಪೂಜೆಗೆ ಅಷ್ಟು ಸಾಕು. ಆದರೆ ಕಲಿಕೆಗೆ?

ಕಲಿಕೆಗೆ ಜರ್ನಲ್ ಇತ್ತು. ಹಿಂದಿನ ವರ್ಷದವರ ಜರ್ನಲ್ ನೋಡಿ ನಾವು ಬರೆಯುವುದು, ಅವರು ತಮ್ಮ ಹಿಂದಿನವರದನ್ನು ನೋಡಿ ಬರೆದಿರುವುದು. ಬಾಯ್ಲರ್ ಒತ್ತಡ: ಎಂಟು ಗಂಟೆಗೆ ಏಳು, ಒಂಬತ್ತಕ್ಕೆ ಏಳು, ಹತ್ತಕ್ಕೆ ಏಳು. ಒಮ್ಮೆ ನಾನು ಆ ಪುಟವನ್ನು ಖಾಲಿ ಬಿಟ್ಟು “ಪ್ರಯೋಗ ಮಾಡಿಲ್ಲ” ಎಂದು ಬರೆದೆ. ಬೋಧಕರು ಸೊನ್ನೆ ಸುತ್ತಿ ಕರೆದರು. “ಏನವಾ ಶಾಜಿಯಾ, ಭಾಳ ಶಾಣ್ಯಾಕಿ ಆಗಾಕ ಹೊಂಟಿ ಏನು? ಎಲ್ಲಾರೂ ಏಳು ಬರದಾರ, ನಿನಗೊಬ್ಬಾಕಿಗೆ ಏನ್ ಧಾಡಿ?” ನಾನು ಮರುದಿನವೇ ಏಳು ಬರೆದುಕೊಟ್ಟೆ. ಐವತ್ತಕ್ಕೆ ನಲವತ್ತೊಂಬತ್ತು ಬಂತು. ಕ್ರಾಂತಿಯ ಪುಸ್ತಿಕೆಗಳನ್ನು ಚೀಲದಲ್ಲಿಟ್ಟುಕೊಂಡು ತಿರುಗುವ ನಾನು ಒಂದು ಸೊನ್ನೆಗೆ ಹೆದರಿದೆ ಎಂಬುದನ್ನು ಇಲ್ಲಿ ಬರೆದೇ ತೀರಬೇಕು.

ಕಳೆದ ತಿಂಗಳು ನಮ್ಮಿಬ್ಬರನ್ನೂ ತರಬೇತಿಗೆಂದು ಒಂದು ಎಣ್ಣೆ ಕಾರ್ಖಾನೆಗೆ ಕಳಿಸಿದಿರಿ. ಅಲ್ಲಿನ ಬಾಯ್ಲರ್ ನೋಡಿಕೊಳ್ಳುವವರು ಗೌಸಮೊದ್ದೀನ ಕಾಕಾ, ಇಪ್ಪತ್ತಾರು ವರ್ಷದ ಅನುಭವದವರು. ಒಂಬತ್ತನೆಯ ದಿನ ಗೇಜು ನೋಡಿ ಬರೆಯುವ ಕೆಲಸವನ್ನು ಸುಮಲತಾಗೆ ವಹಿಸಿ ಅವರು ನೀರಿನ ಪಂಪಿನ ದುರಸ್ತಿಗೆ ಹೋದರು. ನಾನು ಅವರ ಜೊತೆ ಹೋದೆ. ಹತ್ತು ಗಂಟೆ ದಾಟಿದ ಮೇಲೆ ಮರಳಿ ಬಂದಾಗ ಮುಳ್ಳು ಒಂಬತ್ತೂವರೆ ದಾಟಿ ಕೆಂಪು ಗೆರೆಯ ಹತ್ತಿರವಿತ್ತು. ಕಾಕಾ ಓಡಿ ಬೆಂಕಿ ತಗ್ಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಅವರು ದಾಖಲೆ ಪುಸ್ತಕ ತೆರೆದರು.

“ಏನವಾ ಇದು, ಎಂಟಕ್ಕೂ ಏಳು, ಒಂಬತ್ತಕ್ಕೂ ಏಳು, ಹತ್ತಕ್ಕೂ ಏಳು? ಬಾಯ್ಲರ್ ಏನ್ ಫೋಟೋ ತೆಗಿಸ್ಕೊಳ್ಳಾಕ ಕುಂತೈತೇನು, ಅಳ್ಳಾಡದಂಗ?”

“ನಮ್ಮ ಜರ್ನಲ್‌ನ್ಯಾಗ ಹಿಂಗ ಇರತೈತ್ರಿ ಕಾಕಾ.”

“ಮತ್ತ ಗೇಜ್ ಯಾರು ನೋಡಬೇಕು? ನಿಮ್ಮ ಪ್ರಿನ್ಸಿಪಾಲರೇನು?”

ಸುಮಲತಾ ಅಳುತ್ತ ಹೇಳಿದಳು: “ಗೇಜ್ ನೋಡೂದು ಹೆಂಗಂತ ಯಾರೂ ತೋರಿಸಿಲ್ರಿ.” ಕಾಕಾ ಮತ್ತೆ ಬೈಯಲಿಲ್ಲ. ಆಕೆಯನ್ನು ಗೇಜಿನ ಮುಂದೆ ನಿಲ್ಲಿಸಿ, ಮುಳ್ಳು ಯಾವಾಗ ನಡುಗುತ್ತದೆ, ಯಾವಾಗ ಸಿಕ್ಕಿಕೊಳ್ಳುತ್ತದೆ, ಗಾಜನ್ನು ಹೇಗೆ ಮೆಲ್ಲಗೆ ತಟ್ಟಬೇಕು ಎಂದು ಹತ್ತು ನಿಮಿಷದಲ್ಲಿ ಹೇಳಿಕೊಟ್ಟರು. ಹತ್ತು ನಿಮಿಷ, ಪ್ರಾಂಶುಪಾಲರೇ. ನಿಮಗೆ ಎರಡು ವರ್ಷ ಸಾಲದೇ ಹೋಯಿತು.

ನಿಮಗೆ ಬಂದ ದೂರಿನ ಪತ್ರ ಅವರದೇ. ಮೊನ್ನೆ ಅವರನ್ನು ಕಂಡು ಕೇಳಿದೆ. “ಆಕೀನ್ನ ತಗೀರಿ ಅಂತ ನಾ ಎಲ್ಲಿ ಬರದೇನವಾ? ಹುಡುಗೂರಿಗೆ ಗೇಜ್ ನೋಡಾಕ ಕಲಸ್ರಿ ಅಂತ ಬರದೇನಿ” ಎಂದರು. ನೀವು ಆ ಪತ್ರವನ್ನೂ ಗೇಜಿನಂತೆಯೇ ಓದಿದ್ದೀರಿ ಎಂದು ಕಾಣುತ್ತದೆ.

ಆದೇಶ ಬಂದ ದಿನ ಸುಮಲತಾಳ ತಾಯಿ ಮಾಳವ್ವ ವಿದ್ಯಾನಗರದ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸ ಬಿಟ್ಟು ನಿಮ್ಮ ಕಚೇರಿಗೆ ಬಂದರು. “ನನ್ನ ಮಗಳು ಕೆಡಿಸಿದ ಆ ಬಾಯ್ಲರ್ ಎಂಥಾದು, ನಿಮ್ಮಲ್ಲಿ ಇರೂದನ್ನರ ಒಮ್ಮೆ ತೋರಸ್ರಿ, ನನಗೂ ತಿಳೀಲಿ” ಎಂದು ಕೇಳಿದರು. “ಕೀಲಿ ಸಾಹೇಬ್ರ ಕಡೆ ಐತವಾ” ಎಂದರು ಗುಮಾಸ್ತರು. ತಾಯಿ ಎರಡು ತಾಸು ಬೆಂಚಿನ ಮೇಲೆ ಕುಳಿತು ಹಿಂದಿರುಗಿದರು. ಈಗ ಸುಮಲತಾ ಪುಸ್ತಕ ಮುಟ್ಟುತ್ತಿಲ್ಲ. “ಮುಂದಿನ ವರ್ಷ ನಾ ಬರೂದಿಲ್ಲ ಬಿಡ” ಎನ್ನುತ್ತಾಳೆ. ನೀವು ಒಂದು ವರ್ಷ ಎಂದು ಬರೆದಿರಬಹುದು. ಹೋಗುತ್ತಿರುವುದು ಅವಳ ಓದೇ.

ಆಕೆ ತಪ್ಪು ಮಾಡಿದ್ದಾಳೆ, ಅಲ್ಲಗಳೆಯುವುದಿಲ್ಲ. ಗೇಜು ನೋಡದೆ ಬರೆದರೆ ಜೀವ ಹೋಗುತ್ತದೆ. ಹಾಗಾದರೆ ಸುಳ್ಳು ಅಂಕಿಗೆ ಕಾರ್ಖಾನೆಯಲ್ಲಿ ಶಿಕ್ಷೆ, ಕಾಲೇಜಿನಲ್ಲಿ ನಲವತ್ತೊಂಬತ್ತು ಅಂಕ, ಇದು ಯಾವ ನ್ಯಾಯ? ಪ್ರತಿ ಪುಟಕ್ಕೂ “ಪರಿಶೀಲಿಸಿದೆ” ಎಂಬ ಮುದ್ರೆ ಒತ್ತಿದವರು ಯಾವ ಗೇಜನ್ನು ಪರಿಶೀಲಿಸಿದರು?

ಆದ್ದರಿಂದ ಸುಮಲತಾಳ ಮೇಲಿನ ಆದೇಶವನ್ನು ಹಿಂಪಡೆಯಿರಿ. ಪರೀಕ್ಷೆಯವರೆಗೆ ದಿನವೂ ಪ್ರಯೋಗಾಲಯ ತೆರೆಯಿರಿ. ಕಲಿಸುವವರಿಲ್ಲ ಎನ್ನಬೇಡಿ, ವಾರದ ರಜೆಯ ದಿನ ಬಂದು ತೋರಿಸುತ್ತೇನೆ ಎಂದು ಗೌಸಮೊದ್ದೀನ ಕಾಕಾ ಒಪ್ಪಿದ್ದಾರೆ. ಇದು ಆಗದಿದ್ದರೆ ಉಳಿದ ಮೂವತ್ತೇಳು ಜನರನ್ನೂ ಹೊರಗಿಡಿ. ನಿಮಗೆ ಸಾಕ್ಷಿ ಹುಡುಕುವ ಕಷ್ಟ ಬೇಡವೆಂದು “ನಾವೂ ನೋಡದೇ ಬರೆದಿದ್ದೇವೆ” ಎಂಬ ಹೇಳಿಕೆಗೆ ಎಲ್ಲರೂ ಸಹಿ ಮಾಡಿದ್ದೇವೆ. ಅದನ್ನು ನಿಮ್ಮ ಕೈಗೇ ಕೊಡಬೇಕು. ಸುಮಲತಾ ಮತ್ತು ಮಾಳವ್ವ ನಮ್ಮ ಮುಂದೆ ನಿಂತಿರುತ್ತಾರೆ. ನಿಮ್ಮ ಕಚೇರಿಯ ಬಾಗಿಲಲ್ಲಿ, ಬರುವ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ಅದೇ ಏಳನ್ನು ಬರೆದು ತರಗತಿಗೆ ಮೊದಲಿಗಳಾದ
ಶಾಜಿಯಾ
ಎರಡನೆಯ ವರ್ಷ, ಉಣಕಲ್