ಒಂದೇ ಸೀಟಿನ ಫರ್ಮಿಯಾನ್

ಭುವನಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಇವತ್ತು ಹುನಗುಂದದ ನಮ್ಮ ಕಾಲೇಜಿನಲ್ಲಿ ಫರ್ಮಿಯಾನ್ ಪಾಠ. ಎಂಎಸ್ಸಿಯಲ್ಲಿ ಒಟ್ಟಿಗೆ ಓದುವಾಗ ನೀನು ಹೇಳಿಕೊಟ್ಟ ಉದಾಹರಣೆಯನ್ನೇ ಕದ್ದೆ: "ಕಿಟಕ್ಯಾಗಿಂದ ಟವೆಲ್ ಒಗದು ಬಸ್ಸಿನ ಸೀಟ್ ಹಿಡೀತೀರಲ್ಲ, ಹಂಗ. ಎಲೆಕ್ಟ್ರಾನ್ ಅಂದ್ರ ಫರ್ಮಿಯಾನ್ ಜಾತಿ ಕಣ; ಒಂದು ಕುಂತ ಸ್ಥಿತಿಯೊಳಗ ಇನ್ನೊಂದು ಕುಂಡ್ರಂಗಿಲ್ಲ."

ಬೇವೂರಿನ ವಿದ್ಯಾ ಎದ್ದು ನಿಂತಳು. "ನಮ್ಮೂರ ಬಸ್ಸಿನ್ಯಾಗ ಅದು ನಡ್ಯಂಗಿಲ್ರಿ ಮೇಡಂ. ಟವೆಲ್ ಎತ್ತಿ ಕೈಯಾಗ ಕೊಟ್ಟು 'ಜರಾ ಸರೀರಿ' ಅಂತಾರ. ಇಬ್ಬರ ಸೀಟಿನ್ಯಾಗ ನಾಕ ಮಂದಿ!"

"ಹಂಗಾದ್ರ ನಿಮ್ಮೂರವರು ಬೋಸಾನ್," ಎಂದೆ. "ಆ ಕಣಗಳು ಎಷ್ಟು ಬಂದ್ರೂ ಒಂದ ಜಾಗಾದಾಗ ಹಿಡೀತಾವ." ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀನಿದ್ದಿದ್ದರೆ ಡಸ್ಟರ್ ಕೈಬಿಟ್ಟು ನಗುತ್ತಿದ್ದೆ.

ಈ ಕಾಲೇಜಿನಲ್ಲಿ ಇದ್ದದ್ದು ಒಂದೇ ಹುದ್ದೆ. ನೀನು ಅರ್ಜಿ ಹಾಕಿದ್ದು ನನಗೆ ಗೊತ್ತಿತ್ತು. ನಾನು ಹಾಕಿದ್ದು ನಿನಗೆ ಗೊತ್ತಿರಲಿಲ್ಲ.

ಸಂಜೆ ಇಳಕಲ್ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಕೂತಿದ್ದೆ. "ಯಾರರ ಬರ್ತಾರೇನ ಯವ್ವಾ?" ಎಂದು ಅಜ್ಜಿಯೊಬ್ಬಳು ಕೇಳಿದಳು.

"ಹೂಂ, ಗೆಳತಿ ಬರ್ತಾಳ," ಎಂದೆ.

ಅಜ್ಜಿ ಕರ್ಚೀಫು ಎತ್ತಿ ನನ್ನ ಕೈಗಿಟ್ಟು ಕೂತೇಬಿಟ್ಟಳು. "ಬರಲಿ ತಗೋ. ಆಕಿ ಬಂದ್ರ ಸರಕೊಂಡು ಕುಂಡ್ರೂಣು."