ಕನ್ನಡಿ ಕೆಳಗಿನ ಡ್ರಾಯರ್

ಜೂನ್ 3, ಬೆಳಿಗ್ಗೆ

ಮೊಮ್ಮಗ ಬುಗುರಿಗೆ ಸೀಟಿ ಸಿಕ್ತು. ಕೆಂಪು ಸೀಟಿ. ನಿನ್ನೆ ಪ್ರಾರ್ಥನೇಲಿ ಕೇಳಿದ್ದ. ಇವತ್ತು ಎದ್ದವನೇ ಕನ್ನಡಿ ಕೆಳಗಿನ ಡ್ರಾಯರ್ ಎಳೆದ — ಇತ್ತು! ಅಕ್ಕನ ಕಿವೀಲಿ ಊದಿದ. ನನ್ನ ಒಳ್ಳೇ ಕಿವೀಲಿ ಊದಿದ. ಸಾಲದು ಅಂತ ಕೆಪ್ಪ ಕಿವೀಲೂ ಊದಿದ. ನಾನು ಬಾಯಿ ಬಿಟ್ಕೊಂಡು ಆಶ್ಚರ್ಯಪಟ್ಟೆ. ಎಂಥಾ ನಟನೆ! ತಂದಿಟ್ಟೋನು ನಾನೇ ತಾನೇ.

ನನ್ನ ಕ್ಷೌರದಂಗಡಿ ಮುಚ್ಚಿದಾಗ ಮನೆಗೆ ತಂದಿದ್ದು ಎರಡೇ ಸಾಮಾನು. ತಿರುಗೋ ಕುರ್ಚಿ, ಡ್ರಾಯರ್ ಇರೋ ಕನ್ನಡಿ. ಮಕ್ಕಳು ಪ್ರಾರ್ಥನೆಗೆ ಕೂರಲ್ಲ ಅಂತ ಮಗಳು ಒದ್ದಾಡ್ತಿದ್ಲು. ಉಪಾಯ ಕೊಟ್ಟೆ — ಒಬ್ಬೊಬ್ಬರೇ ಕುರ್ಚಿ ಹತ್ತಲಿ, ಕಣ್ಮುಚ್ಚಿ ಬೇಡ್ಕೊಳ್ಳಲಿ, ಆಮೆನ್ ಅಂದ್ರೆ ಒಂದು ಸುತ್ತು. ಈಗ ನಾ ಮುಂದು ತಾ ಮುಂದು ಅಂತ ಜಗಳ. ಅಕ್ಕ ಗುಬ್ಬಿಗೆ ಏಳು ವರ್ಷ, ನಿಧಾನಕ್ಕೆ ಹೇಳ್ತಾಳೆ. ಬುಗುರಿಗೆ ನಾಲ್ಕು. ಅವನ ಪ್ರಾರ್ಥನೆ ಆಮೆನ್ನಿಂದಲೇ ಶುರು.

ಆಯುಸ್ಸೆಲ್ಲಾ ಕ್ಷೌರ ಮಾಡಿದೋನು ನಾನು. ಎಂಥೆಂಥಾ ದೊಡ್ಡವರೂ ನನ್ನ ಮುಂದೆ ತಲೆ ಬಗ್ಗಿಸಿದ್ರು. ನನ್ನ ತಲೆ ಬಗ್ಗಿದ್ದು ಕಮ್ಮಿ. ಪ್ರಾರ್ಥನೆ ಹೊತ್ತಲ್ಲಿ ನಾನು ಕುರ್ಚಿ ತಿರುಗಿಸೋ ಡಿಪಾರ್ಟ್‌ಮೆಂಟು, ಅಷ್ಟೆ.

ಜೂನ್ 5

ಸಿಕ್ಕಿಬಿದ್ದೆ. ಬಣ್ಣದ ಪೆನ್ಸಿಲ್ ಡ್ರಾಯರಿಗೆ ತುರುಕ್ತಿದ್ದೆ, ಹಿಂದೆ ಮಗಳು.

“ಏನಪ್ಪಾ ಇದು?”

“ಡೆಲಿವರಿ.”

“ಯಾರದ್ದು?”

“ಮೇಲಿನವರದ್ದು. ನಾನು ಬರೀ ಡೆಲಿವರಿ ಬಾಯ್. ವಯಸ್ಸಾದ ಬಾಯ್.”

ನಗಲಿಲ್ಲ. “ದೇವರು ಅಂದ್ರೆ ಕೇಳಿದ್ದೆಲ್ಲಾ ಕೊಡೋ ಅಂಗಡಿ ಅಂದ್ಕೊಳ್ತವೆ ಅಪ್ಪ. ನಾಳೆ ನಿನ್ನ ಕೈಲಾಗದ್ದು ಕೇಳಿದ್ರೆ ಏನ್ಮಾಡ್ತೀಯ?”

“ಆನೆ ಕೇಳಿದ್ರೆ ಸ್ಟಾಕ್ ಇಲ್ಲ ಅಂತ ಚೀಟಿ ಇಡ್ತೀನಿ.”

ಆಗ ನಕ್ಕಳು. ನಗ್ತಾನೇ ಹಣೆ ಒತ್ಕೊಂಡ್ಲು. ಮತ್ತೆ ತಲೆನೋವಂತೆ. ಮಗಳಿಗೆ ತಲೆನೋವು, ಅಪ್ಪನಿಗೆ ತಲೆಹರಟೆ, ಅಂದೆ. ಅವಳ ಕೈಲಿದ್ದ ಲೋಟ ಬಿತ್ತು. ಬಿದ್ದಿದ್ದು ಅವಳಿಗೆ ಗೊತ್ತಾಗಲಿಲ್ಲ. ಬೆರಳು ಇನ್ನೂ ಲೋಟ ಹಿಡಿದ ಹಾಗೇ ಇತ್ತು.

ಲೋಟ ಎತ್ತಿಟ್ಟು, ಡಾಕ್ಟರಿಗೆ ತೋರಿಸೋಣ ಅಂದೆ.

ಜೂನ್ 14

ಸ್ಕ್ಯಾನ್ ಆಯ್ತು. ತಲೆಯೊಳಗೆ ಗಡ್ಡೆ.

ನಾನು ಜೀವನಪೂರ್ತಿ ತೆಗೆದಿದ್ದು ಗಡ್ಡ. ಡಾಕ್ಟರ್ ತೆಗೀಬೇಕಾಗಿರೋದು ಗಡ್ಡೆ. ಒಂದು ಎತ್ವದ ವ್ಯತ್ಯಾಸ… ಜೋಕ್ ತಾನಾಗೇ ಬಂತು. ನಗು ಬರಲಿಲ್ಲ. ಹಾಳು ನಾಲಿಗೆ, ಸುಮ್ಮನಿರಲ್ಲ.

ಅಳಿಯ ಬಸ್ ಡ್ರೈವರ್. ಎಂಥಾ ತಿರುವಲ್ಲೂ ಕೈ ನಡುಗಲ್ಲ ಅವನಿಗೆ. ಇವತ್ತು ಮನೆ ಬೀಗದ ಕೈ ಬೀಗಕ್ಕೆ ಹೋಗಲೇ ಇಲ್ಲ. ನಾನೇ ಇಸ್ಕೊಂಡು ತೆಗೆದೆ.

“ಮಾವ, ಡಾಕ್ಟರ್ ಹೇಳಿದ್ರು… ಜಾಗ ಅಂಥದ್ದಂತೆ. ಕೂದಲೆಳೆಯಷ್ಟು ಆಚೀಚೆ ಆದ್ರೆ ಕೈಕಾಲು ಹೋಗಬಹುದು. ಜೀವಕ್ಕೂ…”

ಕೂದಲೆಳೆ. ಮೂಟೆಗಟ್ಟಲೆ ಕೂದಲು ಗುಡಿಸಿದೋನು. ಅದು ಇಷ್ಟು ಸಣ್ಣ ಅಂತ ಇವತ್ತೇ ಗೊತ್ತಾಗಿದ್ದು.

ಜೂನ್ 23

ಮಗಳು ಆಸ್ಪತ್ರೆ ಸೇರಿದ್ಲು. ಅಳಿಯನೂ ಅಲ್ಲೇ. ಮನೇಲಿ ನಾವು ಮೂರೇ ಜನ.

ಸಂಜೆ ಬುಗುರಿ ಕುರ್ಚಿ ಹತ್ತಿದ. ಕಣ್ಣು ಗಟ್ಟಿ ಮುಚ್ಚಿದ, ಮೂಗು ಸುಕ್ಕಾಗೋ ಅಷ್ಟು.

“ಆಮೆನ್. ಯೇಸಪ್ಪಾ, ಅಮ್ಮನ್ನ ಡ್ರಾಯರಲ್ಲಿಡು. ಹಿಡೀಲಿಲ್ಲ ಅಂದ್ರೆ ತಾತ ದೊಡ್ಡ ಡ್ರಾಯರ್ ಕೊಡಿಸ್ತಾನೆ. ಆಮೆನ್. ತಾತ, ತಿರುಗಿಸು.”

ತಿರುಗಿಸಿದೆ. ಅರ್ಧ ಸುತ್ತಿಗೇ ನಿಂತೋಯ್ತು.

ಗುಬ್ಬಿ ಕೇಳಿದ್ದು ಒಂದು ರಬ್ಬರ್. ಅಮ್ಮನ ಸುದ್ದೀನೇ ಎತ್ತಲಿಲ್ಲ.

ಜೂನ್ 25

ಬುಗುರಿ ಬೆಳಿಗ್ಗೆ ಎದ್ದು ಡ್ರಾಯರ್ ಎಳೀತಾನೆ. ಇಣುಕ್ತಾನೆ. ಮುಚ್ತಾನೆ. “ನಾಳೆ,” ಅಂತಾನೆ. ಅಳಲ್ಲ. ಸಂಶಯ ಅನ್ನೋದು ಒಂದು ಚೂರೂ ಇಲ್ಲ ಮುಖದಲ್ಲಿ. ಅದೇ ಭಯ ನನಗೆ. ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ.

ಸೀಟಿ, ಪೆನ್ಸಿಲ್, ಗಾಳಿಪಟ, ಚಾಕಲೇಟು… ಒಂದೊಂದಾಗಿ ಇಟ್ಟು ನಂಬಿಸಿದ್ದು ನಾನು. ನಾಳೆ ಅವಳು ಬರ್ದೇ ಇದ್ರೆ? ಈ ಮಗು ಯಾರ ಮೇಲೆ ಮುನಿಸ್ಕೊಳ್ಳುತ್ತೆ? ನನ್ನ ಮೇಲಾದ್ರೆ ಪರವಾಗಿಲ್ಲ. ದೇವರ ಮೇಲೆ ಮುನಿಸ್ಕೊಂಡು, ಇನ್ಯಾವತ್ತೂ ಕುರ್ಚಿ ಹತ್ತದೇ ಹೋದ್ರೆ? ಅಮ್ಮನೂ ಇಲ್ಲ, ಅಮ್ಮನ ದೇವರೂ ಇಲ್ಲ. ಆಮೇಲೆ ಏನುಳೀತು ಅದಕ್ಕೆ?

ರಬ್ಬರ್ ತಂದಿಟ್ಟೆ. ಗುಬ್ಬಿ ತಗೊಂಡ್ಲು. ಮೂಸಿ ನೋಡಿದ್ಲು.

ಜೂನ್ 27

ಆಪರೇಷನ್ ನಾಡಿದ್ದು. ಮಕ್ಕಳನ್ನ ಪಕ್ಕದ ಮನೇಲಿ ಬಿಟ್ಟು ಆಸ್ಪತ್ರೆಗೆ ಹೋದೆ. ತಲೆಗೂದಲು ತೆಗೀಬೇಕು ಅಂದ್ರು. ಅವರ ಕಡೆಯವನು ಮಷಿನ್ ಹಿಡ್ಕೊಂಡು ಬಂದ. ನಾನಿರುವಾಗ ಇನ್ನೊಬ್ಬ ಮುಟ್ಟೋದಾ? ಬೇಡ ತಮ್ಮಾ, ಅಂದೆ. ನರ್ಸಮ್ಮ ನನ್ನ ಕೈ ನೋಡಿದ್ರು. ನಡುಗ್ತಿಲ್ಲ ಅಂತ ಗೊತ್ತಾದ ಮೇಲೆ ಮಷಿನ್ ಕೊಟ್ರು.

ಮೊದಲು ಜಡೆ ಕತ್ತರಿಸಿದೆ. ಒಂದೇ ಏಟಿಗೆ ಆಗಲಿಲ್ಲ. ದಪ್ಪ ಜಡೆ, ಅವರಮ್ಮನ ಹಾಗೆ. ಟವೆಲಲ್ಲಿ ಸುತ್ತಿಟ್ಟೆ.

“ಅಪ್ಪ, ನೀನು ಊರವರ ತಲೆ ಎಲ್ಲಾ ಬೋಳಿಸಿದೆ. ನನ್ನದೊಂದು ಬಾಕಿ ಇತ್ತು,” ಅಂದ್ಲು. ನನ್ನ ಮಗಳೇ ಅಲ್ವಾ.

“ಮಕ್ಕಳದ್ದೂ ಬೋಳಿಸಿದೀನಿ,” ಅಂದೆ. ದಿನಾ ಬೆಳಿಗ್ಗೆ ಡ್ರಾಯರ್ ಎಳೆದು ನೋಡೋ ವಿಷಯ ಹೇಳಿದೆ. ಬುಗುರಿ ಏನು ಕೇಳಿದಾನೆ ಅಂತಾನೂ.

ಮಷಿನ್ ಆಡಿಸಿ ಮುಗಿಸಿದೆ. ಬೋಳು ತಲೆ, ಹಸುಗೂಸಿನ ತಲೆ ಹಾಗೇ. ಬೆಚ್ಚಗಿತ್ತು. ಕೈ ತೆಗೆಯಕ್ಕೆ ಮನಸ್ಸಾಗಲಿಲ್ಲ.

“ಅಮ್ಮ ಬರ್ತಾಳೆ ಅಂತ ಮಾತು ಕೊಡ್ಬೇಡ ಅಪ್ಪ. ಪ್ರಾರ್ಥನೆ ಮಾತ್ರ ನಿಲ್ಲಿಸ್ಬೇಡ. ಸಾಮಾನು ಸಿಗ್ಲಿ ಅಂತಲ್ಲ. ಕತ್ತಲಾದಾಗ ಮಾತಾಡಕ್ಕೆ ಒಬ್ರು ಇದಾರೆ ಅಂತ ಗೊತ್ತಿರ್ಲಿ ಅವಕ್ಕೆ. ನನಗೆ ಈಗ ಅದೇ ಇರೋದು.”

“ನಿನಗೆ ಭಯ ಇಲ್ವಾ ಮಗಳೇ?”

“ತುಂಬಾ ಇದೆ.”

ಅಷ್ಟೇ ಅಂದ್ಲು. ನನ್ನ ಬಾಯಿಗೆ ಜೋಕ್ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಇರಬೇಕು.

ಜೂನ್ 28, ಬೆಳಿಗ್ಗೆ

ಎಂಥಾ ಮುಠ್ಠಾಳ ನಾನು.

ನಿನ್ನೆ ಬಂದವನೇ ಟವೆಲ್ ಎಲ್ಲಿಟ್ಟೆ ಅಂತ ಯೋಚನೆ ಮಾಡಲಿಲ್ಲ. ಕೈಯಭ್ಯಾಸ. ಕತ್ತರಿ, ಬಾಚಣಿಗೆ, ಟವೆಲ್ — ಕೈ ತಾನಾಗೇ ಹೋಗೋದು ಡ್ರಾಯರಿಗೆ.

ಬೆಳಿಗ್ಗೆ ಕಿರುಚಾಟ. ಓಡಿ ಬಂದೆ. ಬುಗುರಿ ಕೈಲಿ ಜಡೆ. ತುದೀಲಿ ಅವಳ ನೀಲಿ ರಿಬ್ಬನ್ ಇನ್ನೂ ಹಾಗೇ. ಕೆನ್ನೆಗೆ ಒತ್ಕೊಂಡು ಕುಣೀತಿದಾನೆ.

“ತಾತಾ! ಅಮ್ಮ ಸ್ವಲ್ಪ ಬಂದಿದಾಳೆ!”

ಅವನ ಪಕ್ಕ ನೆಲದ ಮೇಲೆ ಕೂತೆ.

“ಮಿಕ್ಕಿದ್ದು ನಾಳೆ ಬರುತ್ತಾ?”

ಹೇಳಲೇಬೇಕಾಯ್ತು. “ಇಲ್ಲಿ ಕೇಳು ಮರಿ. ಅದನ್ನ ಇಟ್ಟಿದ್ದು ನಾನು. ಸೀಟೀನೂ ನಾನೇ ಇಟ್ಟಿದ್ದು. ಎಲ್ಲಾ ನಾನೇ.”

ಯೋಚನೆ ಮಾಡಿದ. “ಯೇಸಪ್ಪ ನಿಂಗೆ ಹೇಳಿದ್ರಾ, ಇಡು ಅಂತ?”

“ನನಗೇನೂ ಕೇಳಿಸಲಿಲ್ಲಪ್ಪ.”

“ನಿಂಗೆ ಕಿವಿ ಕೇಳಲ್ವಲ್ಲ ತಾತ,” ಅಂದ. ಜಡೆ ಹಿಡ್ಕೊಂಡು ಹಾಸಿಗೆಗೆ ಹೋದ.

ಅದೇ ದಿನ, ಸಂಜೆ

ಗುಬ್ಬಿ ಪಕ್ಕ ಬಂದು ಕೂತ್ಲು. “ನಂಗೆ ಮೊದ್ಲೇ ಗೊತ್ತಿತ್ತು.”

“ಹೆಂಗೆ?”

“ಎಲ್ಲದಕ್ಕೂ ನಿನ್ನ ಆಫ್ಟರ್‌ಶೇವ್ ವಾಸನೆ. ಯೇಸಪ್ಪಂಗೆ ಗಡ್ಡ ಇದೆ ತಾತ. ಅವರು ಅದೆಲ್ಲಾ ಹಚ್ಕೊಳ್ಳಲ್ಲ.”

ನಗು ಬಂತು, ಅದರ ಹಿಂದೇನೇ ಅಳು.

“ಅಮ್ಮನ್ನ ಯಾಕೆ ಕೇಳಲಿಲ್ಲ ನೀನು?”

ಫ್ರಾಕಿನ ಅಂಚು ಸುತ್ತುತ್ತಾ ಕೂತಿದ್ಲು. “ಕೇಳಿದ್ರೆ ನೀನೇ ತಾನೇ ತರಬೇಕು. ನಿನ್ನ ಕೈಲಿ ಆಗಲ್ಲ. ಆಮೇಲೆ ನೀನು ಅಳ್ತೀಯ.”

ಏಳು ವರ್ಷ. ನನ್ನ ಕೈಗೆ ಎಟಕೋದನ್ನೇ ನೋಡಿ ನೋಡಿ ಕೇಳ್ತಿತ್ತು ಈ ಮಗು. ರಬ್ಬರ್… ಪೆನ್ಸಿಲ್… ಎಷ್ಟು ದಿನದಿಂದ ಒಳಗೇ ಹೆದರ್ಕೊಂಡಿತ್ತೋ.

“ತಾತ, ನಿಜವಾದ ಯೇಸಪ್ಪ ಯಾವತ್ತಾದ್ರೂ ಅದ್ರಲ್ಲಿ ಏನಾದ್ರೂ ಇಟ್ಟಿದಾರಾ?”

“ಗೊತ್ತಿಲ್ಲ ಕಂದಾ. ನಾನು ಜಾಗ ಖಾಲಿ ಬಿಡಲೇ ಇಲ್ಲ.”

ಎದ್ದು ನನ್ನ ಕೈ ಎಳೆದ್ಲು. “ಕೂತ್ಕೋ. ಕುರ್ಚೀಲಿ. ನೀನು ಕೇಳು.”

ಆ ಕುರ್ಚಿ ಹಿಂದೆ ನಿಂತು ಮುದುಕ ಆದೆ. ಅದರಲ್ಲಿ ಕೂತಿದ್ದು ಇವತ್ತೇ. ಕನ್ನಡೀಲಿ ನಾನೇ. ಹೆದರಿದ ಮುಖ. ಗಿರಾಕಿ ಆಗಿದ್ರೆ ಏನಾದ್ರೂ ತಮಾಷೆ ಮಾಡಿ ನಗಿಸ್ತಿದ್ದೆ. ಕಣ್ಣು ಮುಚ್ಚಿದೆ. ತಲೆ ಬಗ್ಗಿತು, ನಾನು ಬಗ್ಗಿಸಲಿಲ್ಲ.

“ಸ್ವಾಮೀ… ಇದು ತಮಾಷೆ ಅಲ್ಲ.”

ಅದಕ್ಕಿಂತ ಮುಂದೆ ಹೋಗಲಿಲ್ಲ. ಮಿಕ್ಕಿದ್ದು ಗುಬ್ಬಿ ಹೇಳಿದ್ಲು. ಅಮ್ಮ ಬೇಕು ಅಂದ್ಲು. ಜೋರಾಗಿ. ಮೂರು ಸಲ. ಬುಗುರಿ ಬಂದು ಆಮೆನ್ ಅಂದ. ಇಬ್ರೂ ಸೇರಿ ನನ್ನನ್ನ ಒಂದು ಸುತ್ತು ತಿರುಗಿಸಿದ್ರು.

ಜೂನ್ 29, ಬೆಳಿಗ್ಗೆ

ಮಗಳನ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರಂತೆ. ಅಳಿಯನ ಫೋನ್.

ಡ್ರಾಯರ್ ಪೂರ್ತಿ ಖಾಲಿ ಮಾಡಿ ಒರೆಸಿದೆ. ಕತ್ತರಿ, ಬಾಚಣಿಗೆ ಎಲ್ಲಾ ಅಡುಗೆಮನೆ ಕಪಾಟಿಗೆ. ಇನ್ನು ಅದರೊಳಗೆ ನನ್ನ ಕೈ ಹೋಗಲ್ಲ.

ಮಧ್ಯಾಹ್ನ

ಸುದ್ದಿ ಏನೂ ಇಲ್ಲ. ಮಕ್ಕಳಿಗೆ ಬ್ರೆಡ್ ಕೊಟ್ಟೆ. ಬುಗುರಿ ಜಡೆ ಹಿಡ್ಕೊಂಡೇ ಮಲಗಿದಾನೆ. ಗುಬ್ಬಿ ಫೋನ್ ಪಕ್ಕ ಕೂತಿದಾಳೆ, ಗುಬ್ಬಿ ಹಾಗೇ, ಕಾಲು ಮಡಚ್ಕೊಂಡು. ಸಂಜೆಗೆ ಮುಗಿಯುತ್ತೆ ಅಂದಿದ್ರು.

ಸಂಜೆ

ಇನ್ನೂ ಇಲ್ಲ. ಕತ್ತಲಾಗ್ತಿದೆ. ನಾವೇ ಮತ್ತೆ ಕುರ್ಚಿ ಸುತ್ತ ಕೂತ್ವಿ. ಏನೂ ಕೇಳಲಿಲ್ಲ ಈ ಸಲ. ಬುಗುರಿ ಒಬ್ಬನೇ ಮಾತಾಡ್ದ — ತಾತಂಗೆ ಭಯ ಆಗ್ತಿದೆ, ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳ್ದ. ಯಾರೋ ಪಕ್ಕದಲ್ಲೇ ಕೂತಿರೋರಿಗೆ ಹೇಳೋ ಹಾಗೆ. ಮಗಳು ಹೇಳಿದ್ದು ಇದೇ ಇರಬೇ…

ಫೋನ್. ಗುಬ್ಬಿ ಎತ್ತಿದ್ಲು. “ಅಪ್ಪಾ?” ಅಂತಿದಾಳೆ. ಬುಗುರಿ ಡ್ರಾಯರ್ ಕಡೆ ಓಡಿದ. ನಾನು ಪೆನ್ನು ಇಡ್ತೀನಿ.